ಸುಟ್ಟ ಮೈಗೆ ಕಡ ತಂದ ಪೊರೆ

ಕಲ್ಯಾಣ ಸ್ಟೇಶನ್ನಿನ ಕಡೆಯಿಂದ ಮೊದಲ ಲೋಕಲ್‌ಗಳ ಕೂಗು ಕೇಳಿಸುವ ಹೊತ್ತು. ಆಸ್ಪತ್ರೆಯ ಹಿತ್ತಲಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಬೇವಿನ ಮರದ ಬುಡದಲ್ಲಿ ವಯಸ್ಸಾದ ಹೆಂಗಸೊಬ್ಬರು ಮೊಣಕಾಲೂರಿ ಕುಳಿತು ಗುದ್ದಲಿಯಿಂದ ಕೆಂಪು ಮಣ್ಣು ತೋಡುತ್ತಿದ್ದಾರೆ. ಪಕ್ಕದಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಮಣ್ಣಿನ ಕುಡಿಕೆಗಳು ಸಾಲಾಗಿವೆ. ಕುಣಿ ಮೊಣಕೈ ಮುಳುಗುವಷ್ಟು ಆಳವಾದ ಮೇಲೆ ಕುಡಿಕೆಗಳನ್ನು ಒಂದೊಂದಾಗಿ ಇಳಿಸುತ್ತಾರೆ. ಮೇಲೆ ಅರಿಶಿನ, ಹಿಡಿ ಉಪ್ಪು, ಬೇವಿನ ಸೊಪ್ಪು. ಇಳಿಸುವಾಗ ಮೆಲ್ಲಗೆ ಮಾತಾಡಿಸುತ್ತಾರೆ.

"ಡೋಂಬಿವಲಿಯಾಕಿದು, ಗಂಡುಕೂಸು. ಪೂರಾ ಬಂತವ್ವಾ. ದಿವಾದಾಕಿದು, ಹೆಣ್ಣು. ನಿಂದೂ ಬಂತು. ತಂಪಾಗಿರ್ರಿ."

ಕಲ್ಯಾಣದ ನಾಯಿಗಳಿಗೆ ಮೂಗಿಲ್ಲವೆಂದು ಯಾರೂ ದೂರುವಂತಿಲ್ಲ. ಮೀನು ಮಾರುಕಟ್ಟೆಯಿಂದ ಕಟುಕರ ಓಣಿಯವರೆಗೆ ಅವುಗಳದೇ ರಾಜ್ಯ. ಆದರೆ ಈ ಹಿತ್ತಲಿನ ಮುರಿದ ಗೋಡೆ ದಾಟಿ ಒಂದು ನಾಯಿಯೂ ಒಳಗೆ ಬರುವುದಿಲ್ಲ. ಆಚೆ ನಿಂತು ನೋಡುತ್ತವೆ, ಬಾಲ ಇಳಿಸಿಕೊಂಡು ಹೋಗುತ್ತವೆ. ಇಲ್ಲಿಯ ನೆಲ ಎಲ್ಲಿ ಕಾಲಿಟ್ಟರೂ ಮೆತ್ತಗೆ ಕುಸಿಯುತ್ತದೆ. ಆ ಹೆಂಗಸು ಮಾತ್ರ ಗಟ್ಟಿ ನೆಲ ಎಲ್ಲಿದೆಯೆಂದು ಬಲ್ಲವರಂತೆ ಹೆಜ್ಜೆಯಿಟ್ಟು ನಲ್ಲಿಗೆ ಹೋಗಿ ಕೈ ತೊಳೆದುಕೊಳ್ಳುತ್ತಾರೆ.

ಇವರು ಚಂದವ್ವ. ಊರು ಬಿಜಾಪುರ ಜಿಲ್ಲೆಯ ಇಂಡಿ ಕಡೆ. ಈ ಧರ್ಮಾರ್ಥ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ. ಮರಾಠಿಯವರು ಮಾವಶಿ ಅನ್ನುತ್ತಾರೆ, ನಮ್ಮ ಕಡೆಯವರು ಚಂದವ್ವ ಅನ್ನುತ್ತಾರೆ, ಪಗಾರ ಕೊಡುವವರು ಏನನ್ನುತ್ತಾರೋ ಅವರಿಗೂ ನೆನಪಿರಲಿಕ್ಕಿಲ್ಲ. ಊರಲ್ಲಿ ಸೂಲಗಿತ್ತಿಯಾಗಿದ್ದವರು. ಗಂಡ ಯಂಕಪ್ಪ ಮುಂಬ್ರಾದ ಕಲ್ಲಿನ ಕ್ವಾರಿಗೆ ಕೆಲಸಕ್ಕೆ ಬಂದಾಗ ಜೊತೆಗೆ ಬಂದರು. ಕ್ವಾರಿಯ ಧೂಳು ಯಂಕಪ್ಪನನ್ನು ಕೆಮ್ಮಿಸಿ ಕೆಮ್ಮಿಸಿ ಕೊಂಡೊಯ್ದಿತು. ಮಗಳು ಕಾಶವ್ವನನ್ನು ಬೆಳೆಸಿ ಮದುವೆ ಮಾಡಿದ್ದು ಈ ಆಸ್ಪತ್ರೆಯ ಕೆಲಸದಿಂದಲೇ. ಮಗಳು, ಅಳಿಯ, ಮೊಮ್ಮಗಳು ಕುಶಲ, ಎಲ್ಲರೂ ಈಗಲೂ ಮುಂಬ್ರಾದ ಗುಡ್ಡದ ಬುಡದ ಒಂದೇ ಖೋಲಿಯಲ್ಲಿದ್ದಾರೆ.

ಚಂದವ್ವನ ಕೆಲಸ ಎರಡು ವಾರ್ಡುಗಳ ನಡುವಿನದು. ಕೆಳಗೆ ಹುಟ್ಟುವವರು, ಮೇಲಿನ ಮಹಡಿಯಲ್ಲಿ ಸುಟ್ಟವರು. ಹೆರಿಗೆಯಾದ ಮೇಲೆ ಬೀಳುವ ಕಸದ ಒಳಮೈಗೆ ಒಂದು ಪೊರೆ ಅಂಟಿರುತ್ತದೆ. ಮಗು ಒಂಬತ್ತು ತಿಂಗಳು ಸುತ್ತಿಕೊಂಡು ಮಲಗಿದ್ದ ಪೊರೆ ಅದು, ಈರುಳ್ಳಿಯ ಒಳಪದರದಷ್ಟು ತೆಳು. ಚಂದವ್ವ ಅದನ್ನು ಹರಿಯದಂತೆ ಬಿಡಿಸಿ, ರಕ್ತದ ಎಳೆಯೂ ಉಳಿಯದಂತೆ ಉಪ್ಪುನೀರಿನಲ್ಲಿ ತೊಳೆದು, ಔಷಧದ ನೀರು ತುಂಬಿದ ಗಾಜಿನ ಭರಣಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡುತ್ತಾರೆ. ಡೋಂಬಿವಲಿ, ಅಂಬರನಾಥದ ಕಾರ್ಖಾನೆಗಳಲ್ಲಿ ಆಸಿಡ್ ಬಿದ್ದವರು, ಚಾಳಿನ ಅಡುಗೆಮನೆಯಲ್ಲಿ ಸ್ಟೋವು ಸಿಡಿದವರು ಮೇಲಿನ ವಾರ್ಡಿಗೆ ಬಂದಾಗ ಆ ಪೊರೆಯೇ ಗಾಯದ ಪಟ್ಟಿ.

ಈ ಪಟ್ಟಿಯನ್ನು ಇಲ್ಲಿ ರೂಢಿಗೆ ತಂದವರು ಸರ್ಜನ್ ಡಾ. ರತ್ನಾವತಿ, ಉಡುಪಿ ಕಡೆಯವರು. ಬಟಾಟೆ ಸಿಪ್ಪೆಯನ್ನು ಬೇಯಿಸಿ ಬಟ್ಟೆಗೆ ಹೊಂದಿಸಿ ನೋಡಿದ್ದಾರೆ, ಬಾಳೆಲೆ ಹಾಕಿದ್ದಾರೆ, ಜೇನು ಸವರಿದ್ದಾರೆ. "ಬಾಳೆಲೆ ನೋವು ಕಮ್ಮಿ ಮಾಡ್ತದೆ, ಆದ್ರೆ ಬೇಗ ಒಣಗ್ತದೆ. ಸುಟ್ಟವರು ಬೆಂಕಿಯಿಂದ ಸಾಯುದಕ್ಕಿಂತ ಹೆಚ್ಚು ಆಮೇಲೆ ಗಾಯಕ್ಕೆ ಕ್ರಿಮಿ ಹತ್ತಿ ಸಾಯುದು ಮಾರಾಯ್ರೆ. ಈ ಪೊರೆ ಉಂಟಲ್ಲ, ಅದು ಮುಚ್ಚುದು ಮಾತ್ರ ಅಲ್ಲ, ತಡೀತದೆ ಸಹ," ಎನ್ನುತ್ತ ಗಾಜಿನ ತಟ್ಟೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಕೀವಿನಿಂದ ಬೆಳೆಸಿದ ಕ್ರಿಮಿ ತಟ್ಟೆಯ ತುಂಬ ಹಾಲಿನ ಕೆನೆಯಂತೆ ಹಬ್ಬಿದೆ. ನಡುವೆ ಇಟ್ಟ ಉಗುರಿನಷ್ಟು ಪೊರೆಯ ಸುತ್ತ ಮಾತ್ರ ಏನೂ ಇಲ್ಲ. ಕೆನೆ ಅಲ್ಲಿಯವರೆಗೆ ಬಂದು ನಿಂತುಬಿಟ್ಟಿದೆ. ಗೋಡೆಯಾಚೆ ನಿಂತಿದ್ದ ನಾಯಿಗಳು ನೆನಪಾಗುತ್ತವೆ. ಡಾಕ್ಟರು ತಟ್ಟೆ ಮುಚ್ಚಿ ಮತ್ತೆ ಪೆಟ್ಟಿಗೆಯೊಳಗಿಡುತ್ತಾರೆ.

ತಾಯಿಯ ರಕ್ತಪರೀಕ್ಷೆ, ಔಷಧದ ಅಳತೆ, ಯಾರ ಗಾಯಕ್ಕೆ ಹಾಕಬೇಕು, ಯಾರದಕ್ಕೆ ಬೇಡ, ಇವೆಲ್ಲ ಡಾಕ್ಟರ ಕೆಲಸ. ಬಾಣಂತಿಯರನ್ನು ಕೇಳುವ ಕೆಲಸ ಚಂದವ್ವನದು, ಮತ್ತು ಅದು ಸುಲಭದ್ದಲ್ಲ. ಕಸಕ್ಕೆ ಏನಾಗುತ್ತದೋ ಕೂಸಿಗೂ ಅದೇ ಆಗುತ್ತದೆಂದು ನಂಬಿದವರು ಇಲ್ಲಿ ಬಹಳ. ನಾಯಿ ಎಳೆದರೆ ಕೂಸು ಬೆಚ್ಚುತ್ತದೆ, ನೀರಿಗೆ ಬಿದ್ದರೆ ಶೀತ ಹಿಡಿಯುತ್ತದೆ, ಬೆಂಕಿಗೆ ಬಿದ್ದರೆ ಕೂಸಿನ ಮೈಯೇ ಸುಡುತ್ತದೆ. ಅದಕ್ಕೇ ಅದನ್ನು ತಣ್ಣಗೆ ಹುಗಿಯಬೇಕು.

"ನಾನೂ ಹಂಗ ನಂಬದಾಕೀನರಿ," ಅನ್ನುತ್ತಾರೆ ಚಂದವ್ವ. "ಮತ್ತ ಹೆಂಗ ಕೇಳ್ಲಿ? ಕೊಡು ಅನ್ನಂಗಿಲ್ಲ, ಕಡ ಕೊಡವ್ವಾ ಅಂತೀನಿ. ಕೆಲಸ ಮುಗದ ಮ್ಯಾಲ ನಿನ್ನ ಕೂಸಿಂದು ನಾನ ತಿರುಗಿ ತಂದು ನನ್ನ ಕೈಲೆ ಹುಗೀತೀನಿ, ಉರಿಗೆ ಬೀಳಾಕ ಬಿಡಂಗಿಲ್ಲ. ಹಿಂಗಂತ ಕೂಸಿನ ತಲಿ ಮುಟ್ಟಿ ಹೇಳ್ತೀನಿ. ಆವಾಗ ಹೂಂ ಅಂತಾರ."

ಕೊಟ್ಟ ಮಾತು ಉಳಿಸಿಕೊಳ್ಳುವುದೇ ಇವರ ಅರ್ಧ ದಿನದ ದುಡಿಮೆ. ಗಾಯ ಮಾಗಿದಂತೆ ಪೊರೆ ಒಣಗಿ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಹಾಸಿಗೆಯಲ್ಲಿ ಬಿದ್ದ ಚಕ್ಕೆಗಳನ್ನು ಚಂದವ್ವ ಹೆಕ್ಕಿ ಹೆಕ್ಕಿ ಆಯಾ ಕೂಸಿನ ಕುಡಿಕೆಗೆ ತುಂಬುತ್ತಾರೆ. ಮೇಲಿನ ವಾರ್ಡಿನಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರಿಗಿಂತ ಮೊದಲು ಇವರಿಗೆ ಹೇಳಿಕಳಿಸುತ್ತಾರೆ. ಹೆಣ ಸ್ಮಶಾನದ ಕಡೆ ಹೊರಡುವ ಮುನ್ನ ಪೊರೆ ಬಿಡಿಸಿಕೊಳ್ಳಬೇಕು. "ಸತ್ತವರು ಗಟ್ಟಿ ಹಿಡಕೊಂಡಿರ್ತಾರ್ರಿ. ಜಗ್ಗಿದರ ಬರಂಗಿಲ್ಲ. ಬಿಡಪ್ಪಾ, ಇದು ನಿಂದಲ್ಲ, ಕೂಸಿಂದು ಅಂತ ಕಿವ್ಯಾಗ ಹೇಳ್ಬೇಕು. ಆಮ್ಯಾಲ ಸಡ್ಲ ಬಿಡ್ತಾರ."

ಮಧ್ಯಾಹ್ನ ಆ ವಾರ್ಡಿನಲ್ಲಿ ಒಮ್ಮೆ ನಡೆದು ಬರಬೇಕು. ಪೊರೆ ಹೊದ್ದವರು ನೋವಿಲ್ಲದೆ ನಿದ್ದೆ ಹೋಗುತ್ತಾರೆ, ಅದು ಔಷಧದ ಗುಣ. ಆದರೆ ಹುರಿಮೀಸೆಯ ಫೋರ್‌ಮನ್ ಆಗಲಿ, ಮೊಮ್ಮಕ್ಕಳನ್ನು ಕಂಡ ಅಜ್ಜಿಯಾಗಲಿ, ಮಲಗುವುದು ಮೊಣಕಾಲು ಹೊಟ್ಟೆಗೆ ಎಳೆದುಕೊಂಡು, ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿಕೊಂಡು. ಮೂಲೆಯ ಫ್ರಿಜ್ಜಿನಲ್ಲಿ ಭರಣಿಗಳೊಳಗಿನ ಪೊರೆಗಳು ಸಣ್ಣಗೆ ಏಳುತ್ತ ಇಳಿಯುತ್ತ ಇರುತ್ತವೆ. ಮೋಟಾರು ಅದುರುವುದರಿಂದ ಹಾಗೆ ಎಂದು ಡಾಕ್ಟರು ವಿವರಿಸುತ್ತಾರೆ. ಕರೆಂಟು ಹೋದ ದಿನವೂ ಆಡುತ್ತಿದ್ದವು ಎಂದು ನೆಲ ಒರೆಸುವಾಕೆ ವಿವರಿಸುತ್ತಾಳೆ, ಮತ್ತು ಫ್ರಿಜ್ಜಿನ ಹಿಡಿಯನ್ನು ಈವರೆಗೆ ಮುಟ್ಟಿಲ್ಲ.

ಕೂಸು ಹುಟ್ಟಿದ ಐದನೆಯ ದಿನ ಶೆಟಗೆವ್ವ ಬಂದು ಹಣೆಯ ಮೇಲೆ ಮುಂದಿನದೆಲ್ಲ ಬರೆದು ಹೋಗುತ್ತಾಳೆ ಎಂಬುದು ಉತ್ತರ ಕರ್ನಾಟಕದ ಹೆಂಗಸರಿಗೆ ಗೊತ್ತಿರುವ ಸಂಗತಿ. ಆಕೆಗೆ ದಾರಿ ಕಾಣಲೆಂದು ಆ ಸಂಜೆ ದೀಪ ಇಡುತ್ತಾರೆ. ಚಂದವ್ವ ಸುಟ್ಟವರಿಗೂ ಪೊರೆ ಹಾಕಿದ ಐದನೆಯ ಸಂಜೆ ಮಂಚದ ಬಳಿ ದೀಪ ಇಡುತ್ತಾರೆ. "ಹಳೀ ಚರ್ಮ ಸುಟ್ಟು ಹೋತು. ಅದರಾಗ ಬರದಿದ್ದೂ ಹೋತು. ಆಕಿ ಮತ್ತ ಬರೀಬೇಕಲ್ರಿ?" ಆಕ್ಸಿಜನ್ ಸಿಲಿಂಡರ್ ದೂರವಿದ್ದರೆ ಸರಿ, ಇಷ್ಟೇ ಡಾಕ್ಟರ ಷರತ್ತು.

ಇಷ್ಟು ವರ್ಷಗಳಲ್ಲಿ ಕಡ ತಂದ ಪೊರೆಗಳೆಲ್ಲ ಹಿತ್ತಲಿಗೆ ತಿರುಗಿ ಬಂದಿವೆ, ಒಂದನ್ನು ಬಿಟ್ಟು. ಆ ಒಂದರ ಮಾತು ಬಂದಾಗ ಚಂದವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾರೆ. ಅದು ಅವರ ಮೊಮ್ಮಗಳು ಕುಶಲಳದು.

ಎಪ್ಪತ್ತೊಂಬತ್ತರ ಮಳೆಗಾಲ. ಡೋಂಬಿವಲಿಯಲ್ಲಿ ಲಾರಿಗೆ ಡ್ರಮ್ಮು ಏರಿಸುವಾಗ ಮುಚ್ಚಳ ಬಿಚ್ಚಿ, ಜಟ್ಟೆಪ್ಪನೆಂಬ ಹಮಾಲನ ಎಡ ಹೆಗಲ ಮೇಲೆ ಆಸಿಡ್ ಸುರಿಯಿತು. ರಾಯಚೂರು ಕಡೆಯವನು, ಒಂಟಿ. ಆ ವಾರ ಫ್ರಿಜ್ಜು ಕೆಟ್ಟು ಭರಣಿಗಳೆಲ್ಲ ಖಾಲಿ. ಆ ಬೆಳಗಿನ ಜಾವ ಕೆಳಗೆ ಹೆತ್ತವಳು ಕಾಶವ್ವನೊಬ್ಬಳೇ. "ನನ್ನ ಕೂಸಿಂದು ಬ್ಯಾಡವ್ವಾ," ಎಂದು ಅತ್ತಳು. ಊರವರ ಮಕ್ಕಳದೆಲ್ಲ ಕೇಳಿ ತಂದವರು ಸ್ವಂತ ಮಗಳ ಮುಂದೆ ಸುಮ್ಮನಾಗುವುದು ಹೇಗೆ? ಚಂದವ್ವ ಎಲ್ಲರಿಗೂ ಹೇಳುವಂತೆಯೇ ಕೂಸಿನ ತಲೆ ಮುಟ್ಟಿ ಹೇಳಿದರು. ಪೊರೆ ಜಟ್ಟೆಪ್ಪನ ಹೆಗಲಿಗೇರಿತು, ಅವನ ನರಳಾಟ ನಿಂತಿತು.

ಐದನೆಯ ಸಂಜೆ ಎರಡು ಕಡೆ ದೀಪ ಹಚ್ಚಬೇಕಿತ್ತು, ಇಲ್ಲಿ ಜಟ್ಟೆಪ್ಪನಿಗೆ, ಮುಂಬ್ರಾದಲ್ಲಿ ಕುಶಲಳಿಗೆ. ಯಾವತ್ತೂ ಮಂಚದ ಕಾಲ ಬಳಿ ದೀಪ ಇಡುತ್ತಿದ್ದ ಚಂದವ್ವ ಅಂದು ತಲೆಯ ಬಳಿ ಇಟ್ಟರು. ಮೊಮ್ಮಗಳ ಪೊರೆಯಲ್ಲವೇ, ಶೆಟಗೆವ್ವನಿಗೆ ಹಣೆ ಚೆನ್ನಾಗಿ ಕಾಣಲಿ ಎಂಬ ಆಸೆ. ಇಟ್ಟವರೇ ಲೋಕಲ್ ಹಿಡಿಯಲು ಓಡಿದರು. ನಮ್ಮ ಕಡೆ ತಲೆಯ ಬಳಿ ದೀಪ ಹಚ್ಚಿಡುವುದು ಯಾರಿಗೆ ಎಂದು ಬಿಡಿಸಿ ಹೇಳಬೇಕಿಲ್ಲ. ಸಂಜೆಯ ನಿದ್ದೆಯಿಂದ ಎಚ್ಚೆತ್ತ ಜಟ್ಟೆಪ್ಪ ತಲೆ ಹೊರಳಿಸಿ ದೀಪ ನೋಡಿದ. "ನಾ ಸತ್ತೀನೇನ್ರೋ?" ಎಂದು ಪಕ್ಕದ ಮಂಚದವರನ್ನು ಕೇಳಿದ. ಅವರಿಗೆ ಕನ್ನಡ ಬಾರದು, ನಕ್ಕರು. ಜಟ್ಟೆಪ್ಪ ಎದ್ದು, ಹೆಗಲ ಮೇಲಿನ ಪೊರೆಯೊಂದಿಗೇ ಮೆಟ್ಟಿಲಿಳಿದು ಹೋದ.

ಮರುದಿನ ಬಂದು ನೋಡಿದರೆ ಖಾಲಿ ಮಂಚ, ಆರಿದ ದೀಪ. ಚಂದವ್ವ ಡೋಂಬಿವಲಿಯ ಕಾರ್ಖಾನೆ ಗೇಟುಗಳಲ್ಲಿ ಕೇಳಿದರು, ಮುಂದೆ ವಾಶಿಯ ಈರುಳ್ಳಿ ಮಾರುಕಟ್ಟೆಯಲ್ಲಿ ಹುಡುಕಿದರು. ಇವತ್ತಿಗೂ ಪ್ಲಾಟ್‌ಫಾರ್ಮಿನಲ್ಲಿ ಯಾರಾದರೂ ಹಮಾಲರು ಅಂಗಿ ಬಿಚ್ಚಿ ಕುಳಿತಿದ್ದರೆ ಇವರ ಕಣ್ಣು ಅವರ ಎಡ ಹೆಗಲಿಗೆ ಹೋಗುತ್ತದೆ. ಜನ ತಪ್ಪು ತಿಳಿಯುತ್ತಾರೆ ಎಂದರೆ, "ತಿಳೀಲಿ ಬಿಡ್ರಿ, ಈ ವಯಸ್ಸಿನಾಗ," ಎಂದು ನಗುತ್ತಾರೆ.

ಕುಶಲ ಬೆಳೆದಳು. ಮೂರು ವರ್ಷದವಳಾದಾಗ, ಬೇಸಿಗೆಯಲ್ಲಿ ಸ್ನಾನ ಮಾಡಿಸುತ್ತಿದ್ದ ಕಾಶವ್ವ ತಾಯಿಯನ್ನು ಕೂಗಿ ಕರೆದಳು. ಬಿಸಿಲಿಗೇ ಹೋಗದ ಮಗುವಿನ ಎಡ ಹೆಗಲು ಮಾತ್ರ ಕಪ್ಪಗೆ ಕಂದಿತ್ತು, ಚೀಲ ಹೊರುವವರ ಹೆಗಲಿನಂತೆ ಒರಟಾಗಿತ್ತು. ಮಳೆಗಾಲಕ್ಕೆ ತಿಳಿಯಾಯಿತು, ಮರು ಬೇಸಿಗೆಗೆ ಮತ್ತೆ ಕಪ್ಪು. ಮುಟ್ಟಿದರೆ ದಿನವೂ ಬೆಚ್ಚಗಿರುವ ಆ ಹೆಗಲು ಮಾರುಕಟ್ಟೆಗೆ ರಜೆಯಿರುವ ಭಾನುವಾರ ತಣ್ಣಗಿರುತ್ತದೆ. ಶಾಲೆಯ ಚೀಲ ಏರಿಸಿಕೊಳ್ಳುವಾಗ ಹುಡುಗಿ ಕುತ್ತಿಗೆಯನ್ನು ಬಲಕ್ಕೆ ವಾಲಿಸಿ, ಒಂದು ಸಣ್ಣ ಹೂಂಕಾರ ಹೊರಡಿಸುತ್ತಾಳೆ. ಅದನ್ನು ಅವಳಿಗೆ ಯಾರೂ ಕಲಿಸಿಲ್ಲ.

"ಚರ್ಮದ ಬಣ್ಣ ಕೆಲವು ಮಕ್ಕಳಲ್ಲಿ ಹಾಗೆ ಇರ್ತದೆ," ಎನ್ನುತ್ತಾರೆ ಡಾ. ರತ್ನಾವತಿ. "ಅವನ ಮೈಮೇಲಿನ ಪೊರೆ ಸ್ವಲ್ಪ ದಿವಸದಲ್ಲಿ ಒಣಗಿ ಎಲ್ಲಿಯೋ ಬಿದ್ದಿರ್ತದೆ." ಬಾಗಿಲವರೆಗೆ ಹೋಗಿ ತಿರುಗಿ ಹೇಳುತ್ತಾರೆ. "ಆದ್ರೆ ಪ್ರತಿ ಬೇಸಿಗೆ ನಾನೇ ಆ ಹುಡುಗಿಯನ್ನು ಕರೆಸಿ ಒಮ್ಮೆ ನೋಡ್ತೇನೆ. ಯಾಕೆ ಅಂತ ಮಾತ್ರ ಕೇಳ್ಬೇಡಿ."

ಚಂದವ್ವನಿಗೆ ಆ ಕಪ್ಪು ಹೆಗಲೇ ಇಷ್ಟು ವರ್ಷದ ಸಮಾಧಾನ. ಜಟ್ಟೆಪ್ಪ ಬದುಕಿದ್ದಾನೆ, ಎಲ್ಲೋ ಚೀಲ ಹೊರುತ್ತಿದ್ದಾನೆ. ಹೆದರಿಕೆ ಇರುವುದು ಅವನು ಸಾಯುವ ದಿನದ್ದು. ಅವನನ್ನು ಚಿತೆಯ ಮೇಲೆ ಇಟ್ಟರೆ ಕುಶಲಳ ಪೊರೆಯೂ ಜೊತೆಗೇ ಉರಿಯುತ್ತದೆ. ಹುಡುಗಿಯ ಗತಿ? ಗಾಯ ತೊಳೆಯುವವರು ಜಾತಿ ಕೇಳಬಾರದೆಂದು ಡಾಕ್ಟರ ಕಟ್ಟಪ್ಪಣೆ, ಚಂದವ್ವನಿಗೂ ಕೇಳುವ ಚಟವಿರಲಿಲ್ಲ. ಹಾಗಾಗಿ ತಿಳಿಯಬೇಕಾಗಿದ್ದ ಒಂದು ಸಂಗತಿ ತಿಳಿಯದೇ ಉಳಿಯಿತು. ಇವರ ಬಗ್ಗೆ ಬರೆಯಲು ಬಂದ ನಾವು ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಉತ್ತರ ತಡವಾಗುವುದಿಲ್ಲ.

"ಅವನ ಮಂದಿ ಹುಗಿಯೋ ಮಂದಿಯೋ, ಸುಡೋ ಮಂದಿಯೋ? ಅಷ್ಟ ಗೊತ್ತಾದರ ಸಾಕ್ರಿ. ಬ್ಯಾರೆ ಏನೂ ಬ್ಯಾಡ."

ಈ ಸಲ ಆ ಉತ್ತರಕ್ಕೆ ಅವಸರವಿದೆ. ಎಂಬತ್ತಾರರ ಈ ಬೇಸಿಗೆಯಲ್ಲಿ ಕುಶಲಳ ಹೆಗಲು ಕಪ್ಪಾಗಿಲ್ಲ. ಹೋಳಿಯ ನಂತರ ಬಿಳಿಚಿಕೊಂಡು ಜೋತುಬಿತ್ತು, ಈ ವಾರ ಜ್ವರ ಬಂದಂತೆ ಸುಡುತ್ತಿದೆ. ಹುಡುಗಿಗೆ ಜ್ವರವಿಲ್ಲ, ಹೆಗಲಿಗಷ್ಟೇ. ಕಾಶವ್ವ ತಾಯಿಯೊಡನೆ ಮಾತು ಬಿಟ್ಟಿದ್ದಾಳೆ. ಶಾಲೆಗೆ ರಜೆಯಿರುವುದರಿಂದ ಚಂದವ್ವ ಮೊಮ್ಮಗಳನ್ನು ದಿನವೂ ಜೊತೆಗೆ ಕರೆತರುತ್ತಾರೆ. ಹೋದಲ್ಲೆಲ್ಲ ಪಕ್ಕಕ್ಕೆ ಒಂದು ಬಕೆಟ್ ತಣ್ಣೀರು ಇಟ್ಟುಕೊಂಡಿರುತ್ತಾರೆ.

ಮಧ್ಯಾಹ್ನ. ಬೇವಿನ ನೆರಳಿನಲ್ಲಿ ಅಜ್ಜಿ ರೊಟ್ಟಿ ಬಿಚ್ಚಿದ್ದಾರೆ, ಕುಶಲ ಕಲ್ಲು ಆಡುತ್ತಿದ್ದಾಳೆ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮರಾಠಿಯಲ್ಲಿ ಉತ್ತರ ಕೊಡುವ ಹುಡುಗಿ. ಮೇಲೆ ಹಾರಿಸಿದ ಕಲ್ಲು ಹಿಡಿಯದೆ ಬಿಟ್ಟಳು. ಎಡ ಹೆಗಲು ಮೆಲ್ಲಗೆ ಕೆಳಗೆ ಇಳಿಯುವುದಿಲ್ಲ, ಯಾರೋ ಒತ್ತಿದಂತೆ ಕುಸಿಯುತ್ತದೆ.

"ಆಜೀ, ಜಡ ಝಾಲಾ," ಅನ್ನುತ್ತಾಳೆ. ಹೆಗಲು ಭಾರವಾಯಿತಂತೆ.

ಚಂದವ್ವನ ಕೈಯ ರೊಟ್ಟಿ ಕೆಳಗೆ ಬೀಳುತ್ತದೆ. ಹುಡುಗಿಯನ್ನು ಬಾಚಿ ಎಳೆದು, ಬಕೆಟ್ಟಿನ ನೀರಿನಲ್ಲಿ ಚೊಂಬು ಮುಳುಗಿಸಿ ಹಿಡಿದು ಕೂರುತ್ತಾರೆ. ಇನ್ನು ಉರಿ ಬರಬೇಕು. ತುಟಿ ಅಲುಗುತ್ತಿದೆ, ಯಾವ ದೇವರನ್ನು ಕರೆಯುತ್ತಿದ್ದಾರೋ ತಿಳಿಯದು. ಗೋಡೆಯಾಚೆಯ ನಾಯಿಗಳು ಎದ್ದು ನಿಂತಿವೆ. ಉರಿ ಬರುವುದಿಲ್ಲ.

"ಆಜೀ, ಥಂಡ ಝಾಲಾ."

"ಥಂಡೀನ? ಈ ಬಿಸಲಾಗ?" ಚಂದವ್ವ ಅಂಗೈಯನ್ನು ಮೊಮ್ಮಗಳ ಹೆಗಲ ಮೇಲಿಡುತ್ತಾರೆ. ಎಷ್ಟೋ ಹೊತ್ತು ಇಟ್ಟು, ತೆಗೆದು, ಮೂಗಿನ ಬಳಿ ಹಿಡಿಯುತ್ತಾರೆ. ಆಗಷ್ಟೇ ತೋಡಿದ ಹಸಿ ಮಣ್ಣಿನ ವಾಸನೆ. ಫ್ರಾಕಿನ ಹೆಗಲಿಗೆ ಬೆರಳಗಲದ ಒಂದು ಕಲೆ ಹತ್ತಿದೆ. ಈ ಹಿತ್ತಲಿನ ಮಣ್ಣು ಕೆಂಪು. ಆ ಕಲೆ ಕಪ್ಪು, ರಾಯಚೂರು ಕಡೆಯ ಹೊಲಗಳಲ್ಲಿ ಕಾಲಿಗೆ ಮೆತ್ತುವ ಎರೆಮಣ್ಣು.

"ಹುಗದಾರ," ಎಂದರು ಚಂದವ್ವ. ಮತ್ತೊಮ್ಮೆ, ತಮಗೇ ಹೇಳಿಕೊಳ್ಳುವಂತೆ, "ಹುಗದಾರವ್ವಾ." ಆಮೇಲೆ ಸೆರಗು ಬಾಯಿಗಿಟ್ಟು ಜಟ್ಟೆಪ್ಪನಿಗಾಗಿ ಅಳುತ್ತಾರೆ. ಐದು ದಿನ ಕಂಡವನಿಗಾಗಿ, ಮನೆಯವರು ಸತ್ತಾಗ ಅಳುವಷ್ಟೇ ಜೋರಾಗಿ ಅಳುತ್ತಾರೆ. ಕುಶಲ ಗಾಬರಿಯಿಂದ ಅಜ್ಜಿಯ ಬೆನ್ನು ಸವರುತ್ತಾಳೆ.

ಅತ್ತು ಮುಗಿದ ಮೇಲೆ ಫ್ರಾಕಿನ ಮಣ್ಣನ್ನು ಉಗುರಿನಿಂದ ಕೆರೆದು ಕುಡಿಕೆಯೊಂದಕ್ಕೆ ಹಾಕುತ್ತಾರೆ. ಗುದ್ದಲಿ ತಂದು ಬೇವಿನ ಬುಡದಲ್ಲಿ ಕುಣಿ ತೋಡುತ್ತಾರೆ. ಅರಿಶಿನ, ಉಪ್ಪು, ಸೊಪ್ಪು. "ಮುಂಬ್ರಾದ ಕಾಶವ್ವಂದು, ಹೆಣ್ಣುಕೂಸು. ಪೂರಾ ಬಂತವ್ವಾ. ತಂಪಾಗಿರು." ಮಣ್ಣು ಮುಚ್ಚಿ ಎದ್ದು ನಿಂತಾಗ ಸೊಂಟ ಹಿಡಿದುಕೊಳ್ಳುತ್ತಾರೆ.

ಮೇಲಿನ ಮಹಡಿಯಿಂದ ಯಾರೋ ಕೂಗುತ್ತಿದ್ದಾರೆ, ಅಂಬರನಾಥದಿಂದ ಸುಟ್ಟವರೊಬ್ಬರು ಬಂದಿದ್ದಾರಂತೆ. ಚಂದವ್ವ ನಲ್ಲಿಯ ಕೆಳಗೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಮೆಟ್ಟಿಲ ಬಳಿ ಒಂದು ಗಳಿಗೆ ನಿಲ್ಲುತ್ತಾರೆ.

"ನಾ ಕಡ ತಂದಿದ್ದು ಒಂದೂ ಉರಿಗೆ ಬಿದ್ದಿಲ್ಲರಿ," ಅನ್ನುತ್ತಾರೆ. "ಅಷ್ಟ ಬರೀರಿ."